ಝಯಾನ್ ಕಣಿವೆಗೆ ಹೊರಡುವ ಮುನ್ನ: ಬಾಗಲಕೋಟೆಯಲ್ಲಿ ಕುಳಿತು ಹಾಕಿದ ಲೆಕ್ಕ

ಅಮೆರಿಕದ ನೈಋತ್ಯ ಮರುಭೂಮಿಯನ್ನು ನೋಡಿಬಂದ ನಮ್ಮ ಕಡೆಯವರ ಪ್ರವಾಸದ ಪಟ್ಟಿಗಳು ಬಹುತೇಕ ಒಂದೇ ಅಚ್ಚಿನಲ್ಲಿರುತ್ತವೆ. ಲಾಸ್ ವೇಗಸ್‌ನಲ್ಲಿ ಇಳಿಯುವುದು, ಬೆಳಿಗ್ಗೆ ಝಯಾನ್, ಸಂಜೆ ಬ್ರೈಸ್, ಮರುದಿನ ಆಂಟೆಲೋಪ್ ಕಣಿವೆ, ಅದರಾಚೆಯ ದಿನ ಗ್ರ್ಯಾಂಡ್ ಕ್ಯಾನ್ಯನ್, ಅಲ್ಲಿಂದ ಮತ್ತೆ ವಿಮಾನ ನಿಲ್ದಾಣ. ಬರುವ ಅಕ್ಟೋಬರಿಗೆ ನಮ್ಮ ಮನೆಯಲ್ಲಿ ಸಿದ್ಧವಾಗುತ್ತಿರುವ ಯೋಜನೆ ಇದಕ್ಕೆ ತೀರ ವಿರುದ್ಧವಾದದ್ದು: ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನ ಒಂದನ್ನೇ ಹಿಡಿದುಕೊಂಡು, ಅದರ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ ಮೂರ್ನಾಲ್ಕು ರಾತ್ರಿ ತಂಗುವುದು. ಅಷ್ಟು ದೂರ ಹೋಗಿ ಒಂದೇ ಕಣಿವೆಯೇ ಎಂದು ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಲೆಕ್ಕಾಚಾರವನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ದಾರಿಯಲ್ಲಿ ಯೋಚಿಸುತ್ತಿರುವ ಬೇರೆಯವರಿಗೂ ಉಪಯೋಗವಾದೀತು.

ಬಾದಾಮಿಯನ್ನು ಬಲ್ಲವರಿಗೆ ಈ ನಿರ್ಧಾರ ವಿಚಿತ್ರವೆನಿಸಲಾರದು. ಹುಬ್ಬಳ್ಳಿಯಿಂದ ನಸುಕಿನಲ್ಲಿ ಹೊರಟು, ಹತ್ತಕ್ಕೆ ಗುಹೆಗಳನ್ನು ಮುಗಿಸಿ, ಹನ್ನೆರಡಕ್ಕೆ ಪಟ್ಟದಕಲ್ಲು, ಊಟದ ನಂತರ ಐಹೊಳೆ, ಸಂಜೆಗೆ ಕೂಡಲಸಂಗಮ ಎಂದು ಓಡುವ ಬಸ್ಸುಗಳನ್ನು ನಾವು ವರ್ಷವಿಡೀ ನೋಡುತ್ತೇವೆ. ಆ ಬಸ್ಸಿನಲ್ಲಿ ಬಂದವರಿಗೆ ನಡು ಹಗಲಿನ ಬಾದಾಮಿ ಮಾತ್ರ ಗೊತ್ತು. ಅಗಸ್ತ್ಯ ತೀರ್ಥದ ಮೇಲಿನ ಬಂಡೆ ಬೆಳಗಿನಲ್ಲಿ ಒಂದು ಬಣ್ಣ, ಇಳಿಹೊತ್ತಿನಲ್ಲಿ ಇನ್ನೊಂದು ಬಣ್ಣ ತಾಳುವುದನ್ನು ಕಾಣಬೇಕಾದರೆ ಊರಿನಲ್ಲಿ ರಾತ್ರಿ ಉಳಿಯಬೇಕು. ಮರಳುಗಲ್ಲಿನ ಊರುಗಳೆಲ್ಲ ಹೀಗೆಯೇ. ಝಯಾನ್‌ನಲ್ಲಂತೂ ಗೋಡೆಗಳು ಎಷ್ಟು ಎತ್ತರವೆಂದರೆ, ಕಣಿವೆಯ ತಳಕ್ಕೆ ಬಿಸಿಲು ಇಳಿಯುವುದೇ ತಡವಾಗಿ. ಬೆಳಿಗ್ಗೆ ಪಶ್ಚಿಮದ ಗೋಡೆ ಬೆಳಗುತ್ತದೆ, ಸಂಜೆ ಪೂರ್ವದ ಗೋಡೆ ಕೆಂಪಾಗುತ್ತದೆ. ಒಂದೇ ಮಧ್ಯಾಹ್ನದಲ್ಲಿ ಎರಡನ್ನೂ ನೋಡಲು ಬರುವುದಿಲ್ಲ.

ಸ್ಥಳದ ಪರಿಚಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1909ರಲ್ಲಿ ಅಧ್ಯಕ್ಷ ಟಾಫ್ಟ್ ಅವರು ಮುಕುಂಟುವೀಪ್ ಎಂಬ ಹೆಸರಿನಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು; 1918ರಲ್ಲಿ ಹೆಸರು ಬದಲಾಯಿತು, 1919ರ ನವೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 590 ಚದರ ಕಿಲೋಮೀಟರ್. ಆದರೆ ಜನ ನೆರೆಯುವುದು ಇದರ ಒಂದು ಸಣ್ಣ ಭಾಗದಲ್ಲಿ, ವರ್ಜಿನ್ ನದಿಯು ಕೊರೆದ ಒಂದೇ ಕಣಿವೆಯಲ್ಲಿ. 2021ರಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಇಷ್ಟು ಜನ ಒಂದೇ ಕಿರುದಾರಿಯಲ್ಲಿ ಹರಿದುಬರುವ ಕಡೆ ಪ್ರವಾಸವೆಂದರೆ ಯಾವ ತಿಂಗಳು, ದಿನದ ಯಾವ ಹೊತ್ತು, ಯಾವ ಬಸ್ಸು ಎಂಬ ಪ್ರಶ್ನೆಗಳೇ ಮುಖ್ಯ. ಏನೇನು ನೋಡಬೇಕು ಎಂಬುದು ಆಮೇಲಿನ ಮಾತು.

ತಿಂಗಳನ್ನು ಆರಿಸುವಾಗ ಮಗಳ ದಸರೆ ರಜೆ ನಮ್ಮ ಕೈ ಕಟ್ಟಿತ್ತು ನಿಜ, ಆದರೆ ಸ್ವತಂತ್ರವಾಗಿ ಆರಿಸಿದ್ದರೂ ಅಕ್ಟೋಬರನ್ನೇ ಆರಿಸುತ್ತಿದ್ದೆವು. ಜುಲೈನಲ್ಲಿ ಅಲ್ಲಿನ ಹಗಲಿನ ತಾಪ 38 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ನವನಗರದ ರಸ್ತೆಗಳಲ್ಲಿ ಓಡಾಡಿದ ನಮಗೆ ಅದೇನು ಹೊಸದಲ್ಲ ಎಂದು ಜಂಬ ಪಡಬಹುದು. ಆದರೆ ನಾವು ಆ ಬಿಸಿಲಿನಲ್ಲಿ ಗುಡ್ಡ ಹತ್ತುವುದಿಲ್ಲ, ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತೇವೆ. ಅದಲ್ಲದೆ ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಒಂದು ಬಗೆಯ ಮುಂಗಾರು ಇದೆ. ಗುಡುಗು ಮಳೆ ಬಂದರೆ ಇಕ್ಕಟ್ಟಾದ ಕಣಿವೆಗಳಲ್ಲಿ ದಿಢೀರ್ ಪ್ರವಾಹ ಬರುತ್ತದೆ. ವಸಂತದಲ್ಲಿ ಮೇಲಿನ ಹಿಮ ಕರಗಿ ನದಿ ತುಂಬಿಕೊಳ್ಳುತ್ತದೆ. ಚಳಿಗಾಲದಲ್ಲಿ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು, ನೆರಳಿನ ಹಾದಿಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅಕ್ಟೋಬರಿನಲ್ಲಿ ಹಗಲು 25 ಡಿಗ್ರಿಯ ಸುತ್ತಮುತ್ತ, ರಾತ್ರಿ 10ರ ಸುತ್ತಮುತ್ತ. ನದಿ ಇಳಿದಿರುತ್ತದೆ, ತಿಂಗಳ ಕೊನೆಗೆ ದಂಡೆಯ ಕಾಟನ್‌ವುಡ್ ಮರಗಳ ಎಲೆ ಹಳದಿಯಾಗುತ್ತದೆ. ಜನಸಂದಣಿ ಆಗಲೂ ಇರುತ್ತದೆ, ಅದಕ್ಕೆ ಮದ್ದಿಲ್ಲ.

ಇನ್ನು ಬಸ್ಸು. ನನ್ನ ಮಟ್ಟಿಗೆ ಈ ಉದ್ಯಾನದಲ್ಲಿ ಕಲಿಯಬೇಕಾದ ಮೊದಲ ಸಂಗತಿ ಇದೇ. ಕಾರುಗಳ ದಟ್ಟಣೆಯಿಂದ ಕಣಿವೆಯ ಉಸಿರು ಕಟ್ಟಿದ ಮೇಲೆ, 2000ದಲ್ಲಿ ಉಚಿತ ಶಟಲ್ ಬಸ್ಸುಗಳನ್ನು ಆರಂಭಿಸಿದರು. ವರ್ಷದ ಹೆಚ್ಚು ಭಾಗ, ಅಂದರೆ ಸುಮಾರಾಗಿ ಮಾರ್ಚಿಯಿಂದ ನವೆಂಬರ್‌ವರೆಗೆ, ಕಣಿವೆಯೊಳಗಿನ ರಸ್ತೆಗೆ ಖಾಸಗಿ ವಾಹನಗಳಿಗೆ ಪ್ರವೇಶವೇ ಇಲ್ಲ. ಉದ್ಯಾನದೊಳಗಿನ ವಸತಿಗೃಹದಲ್ಲಿ ಕೋಣೆ ಕಾದಿರಿಸಿದವರಿಗೆ ಮಾತ್ರ ಅಲ್ಲಿಯವರೆಗೆ ಕಾರು ಒಯ್ಯುವ ಅನುಮತಿ ಇರುತ್ತದೆ. ಸಂದರ್ಶಕರ ಕೇಂದ್ರದಿಂದ ಟೆಂಪಲ್ ಆಫ್ ಸಿನವಾವ ಎಂಬ ಕೊನೆಯ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯ ಹಾದಿ, ನಡುವಿನ ಯಾವ ನಿಲ್ದಾಣದಲ್ಲಿ ಬೇಕಾದರೂ ಇಳಿದು ಹತ್ತಬಹುದು, ಟಿಕೆಟ್ ಇಲ್ಲ. 2024ರ ವೇಳೆಗೆ ಈ ಬಸ್ಸುಗಳೆಲ್ಲ ವಿದ್ಯುತ್ ಚಾಲಿತವಾಗಿವೆ. ಬಾಡಿಗೆ ಕಾರಿನಲ್ಲಿ ಹೋಗುವವರು ಎಡವುವುದು ಇಲ್ಲಿಯೇ: ಕೇಂದ್ರದ ಪಾರ್ಕಿಂಗ್ ಜಾಗ ಬೆಳಿಗ್ಗೆ ಬೇಗನೆ ತುಂಬಿಹೋಗುತ್ತದೆ, ಹತ್ತು ಗಂಟೆಗೆ ಆರಾಮಾಗಿ ಹೋದವರು ಜಾಗಕ್ಕಾಗಿ ಸುತ್ತು ಹೊಡೆಯುತ್ತಾರೆ. ನಾವು ಸ್ಪ್ರಿಂಗ್‌ಡೇಲ್‌ನಲ್ಲಿಯೇ ಉಳಿಯಲು ನಿಶ್ಚಯಿಸಿದ್ದು ಇದಕ್ಕಾಗಿ. ಆ ಊರಿನ ಉದ್ದಕ್ಕೂ ಇನ್ನೊಂದು ಉಚಿತ ಬಸ್ಸು ಓಡುತ್ತದೆ. ಕಾರನ್ನು ಹೋಟೆಲಿನಲ್ಲಿಯೇ ಬಿಟ್ಟು, ಅದರಲ್ಲಿ ಬಾಗಿಲವರೆಗೆ ಹೋಗಿ, ನಡೆದು ಒಳಗೆ ಸೇರಬಹುದು. ಕೋಣೆಯ ಬಾಡಿಗೆ ಹೊರಗಿನ ಊರುಗಳಿಗಿಂತ ಹೆಚ್ಚು. ಆದರೆ ಬೆಳಗಿನ ಮೊದಲ ಬಸ್ಸು ಹಿಡಿಯುವ ಅನುಕೂಲಕ್ಕೆ ಬೆಲೆ ಕಟ್ಟಬೇಕಾದರೆ ಆ ಹೆಚ್ಚುವರಿ ಹಣ ದಂಡವಲ್ಲ.

ಲಾಸ್ ವೇಗಸ್‌ನಿಂದ ಸ್ಪ್ರಿಂಗ್‌ಡೇಲ್‌ಗೆ ಸುಮಾರು 260 ಕಿಲೋಮೀಟರ್, ಮೂರು ಗಂಟೆಯೊಳಗಿನ ದಾರಿ. ನೆವಾಡಾದಿಂದ ಯೂಟಾಕ್ಕೆ ಬರುವಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದನ್ನು ಮರೆಯದೆ ಕೋಣೆಯ ಸಮಯ, ಊಟದ ಸಮಯ ಲೆಕ್ಕ ಹಾಕಬೇಕು. ಚಾಲನೆಗೆ ಬೇಕಾದ ಅಂತರರಾಷ್ಟ್ರೀಯ ಪರವಾನಗಿಯನ್ನು ನಮ್ಮ ಸಾರಿಗೆ ಕಚೇರಿಯಲ್ಲಿಯೇ ಪಡೆಯಬಹುದು, ಅದರ ಅವಧಿ ಒಂದು ವರ್ಷ. ವೀಸಾದ ಕಥೆ ಬೇರೆಯದೇ ಪುರಾಣ. ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ.

ಮಗಳಿಗೆ ಈ ಪ್ರವಾಸದಲ್ಲಿ ಬೇಕಾಗಿರುವುದು ಏಂಜಲ್ಸ್ ಲ್ಯಾಂಡಿಂಗ್ ಒಂದೇ. ಕಣಿವೆಯ ನಡುವಿನಲ್ಲಿ ಮೀನಿನ ಬೆನ್ನೆಲುಬಿನಂತೆ ಎದ್ದು ನಿಂತ ಆ ಬಂಡೆಯ ತುದಿಗೆ ಹೋಗಿಬರಲು ಒಟ್ಟು 8.7 ಕಿಲೋಮೀಟರ್ ನಡಿಗೆ, ಸುಮಾರು 450 ಮೀಟರ್ ಏರು. 1926ರಲ್ಲಿ ಕಡಿದ ಈ ಹಾದಿಯ ಕೊನೆಯ ಮುಕ್ಕಾಲು ಕಿಲೋಮೀಟರಿನಲ್ಲಿ ಎರಡೂ ಬದಿಗೆ ಪ್ರಪಾತ, ಹಿಡಿದುಕೊಳ್ಳಲು ಬಂಡೆಗೆ ಜಡಿದ ಸರಪಳಿ. ಅಲ್ಲಿ ಬಿದ್ದು ಸತ್ತವರಿದ್ದಾರೆ. ಸರಪಳಿಯ ಮೇಲೆ ಜನರ ಸಾಲು ನಿಂತು ದಾರಿ ಕಟ್ಟಿಕೊಳ್ಳತೊಡಗಿದ್ದರಿಂದ 2022ರ ಏಪ್ರಿಲ್ 1ರಿಂದ ಪರವಾನಗಿ ಕಡ್ಡಾಯವಾಯಿತು. ಅದನ್ನು ಲಾಟರಿಯ ಮೂಲಕ ಹಂಚುತ್ತಾರೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಅವಧಿಗೆ ಜುಲೈ ತಿಂಗಳ ಮೊದಲ ಇಪ್ಪತ್ತು ದಿನಗಳಲ್ಲಿ ಅರ್ಜಿ ಹಾಕಬೇಕು, ಏಳು ದಿನ ಮತ್ತು ಹೊತ್ತುಗಳ ಆಯ್ಕೆಯನ್ನು ಆದ್ಯತೆಯ ಪ್ರಕಾರ ಬರೆಯಬಹುದು. ಅದರಲ್ಲಿ ಬಾರದಿದ್ದರೆ, ಹತ್ತುವ ಹಿಂದಿನ ದಿನ ಮಧ್ಯಾಹ್ನ ಮೂರರವರೆಗೆ ಇನ್ನೊಂದು ಲಾಟರಿಗೆ ಅರ್ಜಿ ಹಾಕಲು ಅವಕಾಶವಿದೆ, ನಾಲ್ಕಕ್ಕೆ ಫಲಿತಾಂಶ. ಅರ್ಜಿಗೆ 6 ಡಾಲರ್, ಬಂದರೆ ತಲೆಗೆ 3 ಡಾಲರ್.

ನಾವು ಅರ್ಜಿ ಹಾಕುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೇನೆ, ಮನೆಯಲ್ಲಿ ಇದಕ್ಕೆ ಇನ್ನೂ ಪೂರ್ಣ ಸಮ್ಮತಿ ಸಿಕ್ಕಿಲ್ಲ. ಹದಿನಾಲ್ಕರ ಹುಡುಗಿಗೆ ಧೈರ್ಯಕ್ಕೇನೂ ಕೊರತೆಯಿಲ್ಲ. ಬಾದಾಮಿಯ ಬಂಡೆಗಳಲ್ಲಿ ಹಗ್ಗ ಕಟ್ಟಿ ಹತ್ತುವವರನ್ನು ಚಿಕ್ಕಂದಿನಿಂದ ನೋಡಿ ಬೆಳೆದವಳು. ಆದರೆ ಹಗ್ಗ ಕಟ್ಟಿಕೊಂಡು ಹತ್ತುವುದು ಬೇರೆ, ಹಗ್ಗವಿಲ್ಲದೆ, ಎದುರಿನಿಂದ ಇಳಿದು ಬರುವ ಅಪರಿಚಿತರಿಗೆ ದಾರಿ ಬಿಡುತ್ತ ಸರಪಳಿಯನ್ನು ಹಂಚಿಕೊಳ್ಳುವುದು ಬೇರೆ. ಸಮಾಧಾನದ ಸಂಗತಿಯೆಂದರೆ, ಸ್ಕೌಟ್ ಲುಕೌಟ್ ಎಂಬ ಜಾಗದವರೆಗೆ ಯಾವ ಪರವಾನಗಿಯೂ ಬೇಡ. ವಾಲ್ಟರ್ಸ್ ವಿಗಲ್ಸ್ ಎಂದು ಕರೆಯುವ ಇಪ್ಪತ್ತೊಂದು ಕಿರುತಿರುವುಗಳನ್ನು ಹತ್ತಿ ಅಲ್ಲಿ ನಿಂತರೆ ಕಣಿವೆ ಕಾಲ ಕೆಳಗೆ ಬಿಚ್ಚಿಕೊಳ್ಳುತ್ತದೆ, ಸರಪಳಿಯ ಮೇಲಿನ ಜನರೂ ಕಾಣುತ್ತಾರೆ. ಅದೃಷ್ಟವಿದ್ದರೆ ಕ್ಯಾಲಿಫೋರ್ನಿಯಾ ಕಾಂಡರ್ ಹದ್ದೂ ಕಾಣಬಹುದು. ಅಳಿವಿನಂಚಿಗೆ ಹೋಗಿ ಮರಳಿದ ಈ ಹಕ್ಕಿಯ ಪುನರುಜ್ಜೀವನ ಕಾರ್ಯಕ್ರಮದ ಸಾವಿರದ ಮರಿ 2019ರಲ್ಲಿ ಹೊರಬಂದದ್ದು ಝಯಾನ್‌ನ ಬಂಡೆಯ ಗೂಡಿನಲ್ಲಿಯೇ.

ನನ್ನ ಸ್ವಂತ ಆಸೆ ನದಿಯದು. ಬಸ್ಸಿನ ಕೊನೆಯ ನಿಲ್ದಾಣದಿಂದ ರಿವರ್‌ಸೈಡ್ ವಾಕ್ ಎಂಬ ಸಮತಟ್ಟಾದ ಹಾದಿ ನದಿಯ ಬದಿಯಲ್ಲಿ ಸಾಗಿ, ಒಂದೂವರೆ ಕಿಲೋಮೀಟರಿನ ನಂತರ ನಿಂತುಬಿಡುತ್ತದೆ. ಮುಂದೆ ನದಿಯೇ ದಾರಿ. ಇದಕ್ಕೆ ನ್ಯಾರೋಸ್ ಎನ್ನುತ್ತಾರೆ. ಕೆಲವು ಕಡೆ ಆರರಿಂದ ಒಂಬತ್ತು ಮೀಟರ್ ಅಗಲ, ಎರಡೂ ಬದಿಗೆ ಮುನ್ನೂರು ಮೀಟರ್ ಎತ್ತರದ ಗೋಡೆ. ಕೆಳಗಿನಿಂದ ಮೇಲಕ್ಕೆ ಬಿಗ್ ಸ್ಪ್ರಿಂಗ್‌ವರೆಗೆ ಪರವಾನಗಿಯಿಲ್ಲದೆ ನಡೆಯಬಹುದು. ಮೇಲಿನಿಂದ ಕೆಳಕ್ಕೆ ಪೂರ್ತಿ 26 ಕಿಲೋಮೀಟರ್ ಇಳಿಯುವವರಿಗೆ ಪರವಾನಗಿ ಬೇಕು. ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ಈ ದಾರಿಯನ್ನು ಮುಚ್ಚುತ್ತಾರೆ. ಅಕ್ಟೋಬರಿನಲ್ಲಿ ಆ ಭಯ ಕಡಿಮೆ, ಆದರೆ ನೀರು ತಣ್ಣಗಿರುತ್ತದೆ. ನೀರಿನ ಬೂಟು, ದಪ್ಪ ಕಾಲುಚೀಲ, ಊರುಗೋಲು ಇವೆಲ್ಲ ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ನೀರಿನಲ್ಲಿ ವಿಷಕಾರಿ ಸಯನೋಬ್ಯಾಕ್ಟೀರಿಯ ಕಂಡುಬಂದಿರುವುದರಿಂದ ಅದನ್ನು ಕುಡಿಯಬಾರದು, ತಲೆ ಮುಳುಗಿಸಬಾರದು ಎಂಬ ಎಚ್ಚರಿಕೆಯೂ ಇದೆ. ತುಂಗಭದ್ರೆಯಿಂದ ಕೃಷ್ಣೆಯವರೆಗೆ ಎಲ್ಲಿ ನದಿ ಕಂಡರೂ ಮೂರು ಮುಳುಗು ಹಾಕುವ ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕು.

ಪ್ರವಾಹದ ಮಾತನ್ನು ಇನ್ನಷ್ಟು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ್ದನ್ನು ನಾವು ಕಂಡಿದ್ದೇವೆ. ಆದರೆ ನಮ್ಮ ನೆರೆ ಸಾಮಾನ್ಯವಾಗಿ ಹೇಳಿ ಬರುತ್ತದೆ: ಘಟ್ಟದಲ್ಲಿ ಎಷ್ಟು ಮಳೆಯಾಯಿತು, ಜಲಾಶಯದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದು ಮೊದಲೇ ತಿಳಿದು, ಹಳ್ಳಿಗಳಲ್ಲಿ ಡಂಗುರ ಸಾರುವಷ್ಟು ಸಮಯವಿರುತ್ತದೆ. ಬಂಡೆಯೇ ನೆಲವಾದ ಆ ಮರುಭೂಮಿಯಲ್ಲಿ ಜೋರು ಮಳೆಯ ನೀರು ಬೇಗ ಇಂಗುವುದಿಲ್ಲ. ಎಲ್ಲೋ ದೂರದಲ್ಲಿ ಬಿದ್ದ ಮಳೆ, ತಲೆಯ ಮೇಲೆ ಆಕಾಶ ತಿಳಿಯಾಗಿರುವಾಗಲೇ, ನಿಮಿಷಗಳಲ್ಲಿ ಕಣಿವೆಯನ್ನು ತುಂಬಬಹುದು. 2015ರ ಸೆಪ್ಟೆಂಬರಿನಲ್ಲಿ ಇದೇ ಉದ್ಯಾನದ ಕೀಹೋಲ್ ಎಂಬ ಕಿರುಕಣಿವೆಯಲ್ಲಿ ಏಳು ಜನ ಹೀಗೆ ಪ್ರಾಣ ಕಳೆದುಕೊಂಡರು. ಉದ್ಯಾನದವರು ಪ್ರತಿದಿನ ಪ್ರವಾಹದ ಸಾಧ್ಯತೆಯನ್ನು ನಾಲ್ಕು ದರ್ಜೆಗಳಲ್ಲಿ ಪ್ರಕಟಿಸುತ್ತಾರೆ. ಅತಿ ಕೆಳಗಿನ ದರ್ಜೆ ಇದ್ದ ದಿನ ಮಾತ್ರ ನೀರಿಗಿಳಿಯುವುದೆಂದು ನಾವು ನಿಯಮ ಮಾಡಿಕೊಂಡಿದ್ದೇವೆ. ನ್ಯಾರೋಸ್‌ಗೆ ಇಂಥದೇ ದಿನವೆಂದು ಗೊತ್ತುಮಾಡದೆ, ಇರುವ ದಿನಗಳಲ್ಲಿ ಯಾವುದು ಸರಿಯಾಗಿದೆಯೋ ಅದನ್ನು ಆರಿಸಿಕೊಳ್ಳಬಹುದಾದದ್ದು ಒಂದೇ ಊರಿನಲ್ಲಿ ಬೀಡುಬಿಡುವುದರ ದೊಡ್ಡ ಲಾಭ. ಒಂದು ಹಗಲು ಮಾತ್ರ ಕೈಯಲ್ಲಿಟ್ಟುಕೊಂಡು ಬಂದವರಿಗೆ ಆ ಆಯ್ಕೆ ಇರುವುದಿಲ್ಲ. ಹವಾಮಾನ ಕೆಟ್ಟಿದ್ದರೂ ಇಳಿಯುವ ಹಂಬಲ ಹುಟ್ಟುವುದು ಅಂಥವರಿಗೇ.

ನಮ್ಮ ಅವ್ವನಿಗೆ ಮೊಣಕಾಲು ನೋವು. ಅವಳನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲವಾದ್ದರಿಂದ ಅವಳಿಗೆ ಹೊಂದುವ ಜಾಗಗಳನ್ನೇ ಮೊದಲು ಹುಡುಕಿದೆ. ಬಸ್ಸಿನಲ್ಲಿ ಕುಳಿತೇ ಅರ್ಧ ಕಣಿವೆ ಕಾಣುತ್ತದೆ. ಪರೂಸ್ ಎಂಬ ಡಾಂಬರು ಹಾಸಿದ ಹಾದಿ, ನದಿಯ ಬದಿಯಲ್ಲಿ ಮೂರು ಕಿಲೋಮೀಟರಿಗಿಂತ ತುಸು ಕಡಿಮೆ, ಗಾಲಿಕುರ್ಚಿಗೂ ಅನುಕೂಲ. ಸಂಜೆ ವಾಚ್‌ಮನ್ ಎಂಬ ಶಿಖರ ಕೆಂಪೇರುವುದನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎನ್ನುತ್ತಾರೆ. ರಿವರ್‌ಸೈಡ್ ವಾಕ್‌ನ ಮೊದಲ ಭಾಗವನ್ನೂ ಅವಳು ನಡೆಯಬಲ್ಲಳು. ನಾವು ನದಿಯಲ್ಲಿರುವಾಗ ಅವಳು ಮತ್ತು ನನ್ನ ಹೆಂಡತಿ ಉದ್ಯಾನದೊಳಗಿನ ವಸತಿಗೃಹದ ಮುಂದಿನ ಹುಲ್ಲುಹಾಸಿನ ಮೇಲೆ, ದೊಡ್ಡ ಕಾಟನ್‌ವುಡ್ ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುವ ಯೋಜನೆ ಹಾಕಿದ್ದಾರೆ. ಅಳಿಲುಗಳ ಬಗ್ಗೆ ಇಬ್ಬರಿಗೂ ಮೊದಲೇ ಎಚ್ಚರಿಸಿದ್ದೇನೆ. ಅಲ್ಲಿನ ಅಳಿಲುಗಳು ಬಾದಾಮಿ ಗುಹೆಯ ಮಂಗಗಳ ದಾಯಾದಿಗಳು. ಪ್ರವಾಸಿಗರ ಕೈತುತ್ತು ತಿಂದು ರೂಢಿಯಾಗಿ ಚೀಲ ಕಡಿಯುತ್ತವೆ, ಬೆರಳನ್ನೂ ಕಚ್ಚುತ್ತವೆ. ಪ್ರಾಣಿಗಳಿಗೆ ತಿನ್ನಿಸುವುದು ಅಲ್ಲಿ ಕಾನೂನುಬಾಹಿರ, ದಂಡವಿದೆ.

ಬುತ್ತಿಯೆಂದರೆ ಕಡಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮತ್ತು ಅಮೀನಗಡದ ಕರದಂಟು. ಗೋಕಾಕದವರು ಬೇಸರ ಮಾಡಿಕೊಳ್ಳಬಾರದು, ಹತ್ತಿರದ್ದು ಇದೇ. ಒಣ ಹವೆಯ ಮರುಭೂಮಿಗೆ ತಿಂಗಳುಗಟ್ಟಲೆ ಕೆಡದ ಈ ರೊಟ್ಟಿಗಿಂತ ಒಳ್ಳೆಯ ಆಹಾರ ಯಾವುದಿದೆ? ಅಮೆರಿಕದ ಕಸ್ಟಮ್ಸ್‌ನಲ್ಲಿ ತಿನಿಸುಗಳನ್ನೆಲ್ಲ ತಪ್ಪದೆ ಘೋಷಿಸಬೇಕು. ಹಸಿ ಹಣ್ಣು ತರಕಾರಿ ಮತ್ತು ಮಾಂಸದ ಪದಾರ್ಥಗಳನ್ನು ಒಯ್ಯದಿರುವುದೇ ಕ್ಷೇಮ. ನೀರು ಮಾತ್ರ ದಿನಕ್ಕೆ ತಲೆಗೆ ನಾಲ್ಕು ಲೀಟರ್ ಎಂದು ಉದ್ಯಾನದವರೇ ಹೇಳುತ್ತಾರೆ. ಬೆವರು ಹುಟ್ಟಿದಲ್ಲಿಯೇ ಆರಿಹೋಗುವುದರಿಂದ ಬಾಯಾರಿಕೆ ತಡವಾಗಿ ತಿಳಿಯುತ್ತದೆ.

ಹಣದ ವಿಚಾರದಲ್ಲಿ ಹಳೆಯ ಬರಹಗಳನ್ನು ನಂಬಬೇಡಿ. ಒಂದು ಕಾರಿಗೆ ಏಳು ದಿನಕ್ಕೆ 35 ಡಾಲರ್, ಇಡೀ ವರ್ಷದ ಪಾಸಿಗೆ 80 ಡಾಲರ್ ಎಂಬುದು ಎಲ್ಲೆಡೆ ಕಾಣುವ ಲೆಕ್ಕ. 2026ರ ಜನವರಿ 1ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ವಾರ್ಷಿಕ ಪಾಸಿನ ದರ 250 ಡಾಲರ್. ಪಾಸಿಲ್ಲದೆ ಹೋದರೆ, ಹೆಚ್ಚು ಜನ ಭೇಟಿ ಕೊಡುವ ಹನ್ನೊಂದು ಉದ್ಯಾನಗಳಲ್ಲಿ 16 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ ಪ್ರತಿಯೊಬ್ಬರಿಗೂ ಸಾಮಾನ್ಯ ಶುಲ್ಕದ ಮೇಲೆ ತಲಾ 100 ಡಾಲರ್. ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ನಾವು ದೊಡ್ಡವರು ಮೂವರಾದ್ದರಿಂದ ಪಾಸಿಲ್ಲದಿದ್ದರೆ 335 ಡಾಲರ್ ಆಗುತ್ತದೆ. ಹಾಗಾಗಿ ಪಾಸ್ ಕೊಳ್ಳುವುದೇ ಲೇಸು.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಈ ಕಣಿವೆಯನ್ನೇ ಏಕೆ ಹಿಡಿದುಕೊಂಡೆ ಎಂದರೆ, ಅದಕ್ಕೆ ಕಾರಣ ಕಲ್ಲು. ಝಯಾನ್‌ನ ಗೋಡೆಗಳು ನವಾಹೋ ಮರಳುಗಲ್ಲಿನವು. ಸುಮಾರು 18 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದಲ್ಲಿ, ಆ ಪ್ರದೇಶ ಅಪಾರವಾದ ಮರಳುಗಾಡಾಗಿತ್ತು; ಗಾಳಿ ಗುಡ್ಡೆಹಾಕಿದ ಮರಳ ದಿಬ್ಬಗಳು ಒಂದರ ಮೇಲೊಂದು ಕೂತು, ಹೂತು, ಗಟ್ಟಿಯಾಗಿ ಕೆಲವು ಕಡೆ ಆರುನೂರು ಮೀಟರಿಗೂ ಮಿಕ್ಕಿ ದಪ್ಪವಾದವು. 52 ಮೀಟರ್ ಎತ್ತರದ ಗೋಕಾಕ ಜಲಪಾತದಂಥವನ್ನು ಹನ್ನೊಂದು ಹನ್ನೆರಡು ಪೇರಿಸಿದರೆ ಆ ಎತ್ತರಕ್ಕೆ ಸಮ. ಹಳೆಯ ದಿಬ್ಬಗಳ ಇಳಿಜಾರು ಇಂದಿಗೂ ಬಂಡೆಯಲ್ಲಿ ಓರೆ ಗೆರೆಗಳಾಗಿ ಉಳಿದಿದೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತೆಂದು ಭೂವಿಜ್ಞಾನಿಗಳು ಅದರಿಂದಲೇ ಓದುತ್ತಾರೆ. ನಮ್ಮ ಬಾದಾಮಿಯ ಮರಳುಗಲ್ಲು ಇದಕ್ಕಿಂತ ಹಲವು ಪಟ್ಟು ಹಳೆಯದು, ಡೈನೋಸಾರುಗಳಿಗಿಂತ ಬಹಳ ಹಿಂದಿನದು, ಮತ್ತು ಬಹುಮಟ್ಟಿಗೆ ನೀರು ಹರಿಸಿ ತಂದು ಹಾಸಿದ ಮರಳಿನದು. ಎರಡಕ್ಕೂ ಕೆಂಪು ಬಣ್ಣ ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. 578ರಲ್ಲಿ ಚಾಲುಕ್ಯ ಮಂಗಲೇಶನ ಶಿಲ್ಪಿಗಳು ಮೂರನೆಯ ಗುಹೆಯನ್ನು ಕೊರೆದು ಮುಗಿಸಿದಾಗ ಕಂಬಗಳ ಮೇಲೆ ಮೂಡಿಬಂದ ಪಟ್ಟೆಗಳನ್ನು ಕಂಡು ಬೆಳೆದ ಕಣ್ಣಿಗೆ, ಗಾಳಿ ಬರೆದ ಗೆರೆ ಹೇಗಿರುತ್ತದೆಂದು ಪಕ್ಕದಲ್ಲಿ ನಿಂತು ನೋಡುವ ಆಸೆ.

ಮರಳುಗಲ್ಲು ನೀರನ್ನು ಹೀರಿಕೊಳ್ಳುತ್ತದೆ ಎಂಬುದೂ ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೇಲೆ ಬಿದ್ದ ಮಳೆ, ಹಿಮ ನವಾಹೋ ಕಲ್ಲಿನೊಳಗೆ ನಿಧಾನವಾಗಿ ಇಳಿದು, ಅದರ ಕೆಳಗಿನ ಕಯೆಂಟಾ ಎಂಬ ಬಿಗಿಯಾದ ಪದರಕ್ಕೆ ತಾಗಿ, ಮುಂದೆ ಹೋಗಲಾರದೆ ಗೋಡೆಯ ಬದಿಯಿಂದ ಜಿನುಗುತ್ತದೆ. ಹೀಗೆ ಹೊರಬರುವ ನೀರು ಸಾವಿರ ವರ್ಷಕ್ಕೂ ಹಿಂದೆ ಬಿದ್ದ ಮಳೆಯದ್ದಾಗಿರಬಹುದು. ಬರಡು ಗೋಡೆಯ ನಡುವೆ ಜರೀಗಿಡ ಹಸಿರಾಗಿ ತೂಗುವುದು ಇದೇ ಜಿನುಗಿನಿಂದ.

ಉಳಿದಿರುವುದು ಕೊನೆಯ ದಿನದ ತಕರಾರು. ಪೂರ್ವದ ಕಡೆಗೆ ಹೋಗುವ ಝಯಾನ್–ಮೌಂಟ್ ಕಾರ್ಮೆಲ್ ಹೆದ್ದಾರಿಯಲ್ಲಿ 1930ರಲ್ಲಿ ತೆರೆದ, ಸುಮಾರು 1.8 ಕಿಲೋಮೀಟರ್ ಉದ್ದದ ಸುರಂಗವಿದೆ. ಬಂಡೆಯ ಹೊರಮೈಗೆ ಕಿಟಕಿಗಳಂಥ ಕಂಡಿಗಳನ್ನು ಕೊರೆದು, ಒಳಗೆ ಒಡೆದ ಕಲ್ಲನ್ನು ಅವುಗಳ ಮೂಲಕವೇ ಕೆಳಕ್ಕೆ ತಳ್ಳಿದರಂತೆ. ಅದನ್ನು ದಾಟಿದರೆ ಓರೆ ಗೆರೆಗಳಿಗೆ ಅಡ್ಡಲಾಗಿ ಬಿರುಕು ಬಿಟ್ಟು ಚೌಕಳಿಯಾದ ಚೆಕರ್‌ಬೋರ್ಡ್ ಮೇಸಾ ಗುಡ್ಡ, ಸುರಂಗದ ಬಾಯಲ್ಲಿಯೇ ಒಂದೂವರೆ ಕಿಲೋಮೀಟರಿನ ಕ್ಯಾನ್ಯನ್ ಓವರ್‌ಲುಕ್ ನಡಿಗೆ. ನನಗೆ ಅಷ್ಟು ಸಾಕು. ಹೆಂಡತಿಯ ವಾದವೆಂದರೆ, ಅದೇ ರಸ್ತೆಯಲ್ಲಿ ಮುಂದುವರಿದರೆ ಬ್ರೈಸ್ ಎರಡು ಗಂಟೆಯೊಳಗಿನ ದಾರಿ, 250 ಡಾಲರಿನ ಪಾಸು ಅಲ್ಲಿಯೂ ನಡೆಯುತ್ತದೆ, ಬಿಡುವುದೇಕೆ? ಲೆಕ್ಕದಲ್ಲಿ ಅವಳೇ ಸರಿ. ಆದರೆ ಬ್ರೈಸ್ ಇರುವುದು ಇನ್ನೂ ಸಾವಿರ ಮೀಟರಿಗಿಂತ ಹೆಚ್ಚು ಎತ್ತರದಲ್ಲಿ, ಅಕ್ಟೋಬರಿನಲ್ಲಿ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಅವ್ವನಿಗೆ ಆ ಚಳಿ ಆಗುತ್ತದೆಯೇ ಎಂಬುದನ್ನು ನೋಡಬೇಕು. ಸದ್ಯಕ್ಕೆ ಆ ದಿನದ ಎದುರು ಏನನ್ನೂ ಬರೆದಿಲ್ಲ, ಅವ್ವನಿಗೆ ಒಂದು ಉಣ್ಣೆಯ ಸ್ವೆಟರ್ ಹೆಚ್ಚು ಕಟ್ಟಿಕೊಳ್ಳಲು ಹೇಳಿದ್ದೇವೆ.